ಕಣ್ಣಿಗೆ ಸುಣ್ಣ ಬಿದ್ದಾಗ



‘ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ’ ಎಂಬ ನಾಣ್ನುಡಿಯನ್ನು ಪಕ್ಷಪಾತಕ್ಕೆ ನಿದರ್ಶನವಾಗಿ ತರಗತಿಯಲ್ಲಿ ವಿವರಿಸುವುದುಂಟು. ಅದರ ವಾಚ್ಯಾರ್ಥವೇ ಶಾಲೆಯ ಅಂಗಳದಲ್ಲಿ ಘಟಿಸಬಹುದೆಂಬುದು ಗಮನಕ್ಕೆ ಬರುವುದು ವಿರಳ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ತಂಬಾಕಿಗೆ ಬೆರೆಸಿ ತಿಕ್ಕುವ ಸುಣ್ಣ ಸಣ್ಣ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಅಂಗಡಿಯಲ್ಲಿಯೇ ದೊರೆಯುತ್ತದೆ. ಮಕ್ಕಳಿಗೆ ಅದು ಆಟಿಕೆ. ಅಂಗೈಗಳ ನಡುವೆ ಒತ್ತಿದೊಡನೆ ಪೊಟ್ಟಣ ಒಡೆದು ಸುಣ್ಣ ಮುಖಕ್ಕೆ ಚಿಮ್ಮುತ್ತದೆ. ಕಾಸರಗೋಡಿನ ಅಡಕೆ ತೋಟಗಳಲ್ಲಿ ಮೈಲುತುತ್ತಿನ ದ್ರಾವಣಕ್ಕೆಂದು ತಂದಿರಿಸಿದ ಸುಣ್ಣವೂ ಅಷ್ಟೇ ಅಪಾಯಕರ.

ಸುಣ್ಣವು ಪ್ರಬಲ ಕ್ಷಾರ. ಆಮ್ಲ ಬಿದ್ದಲ್ಲಿ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ ಕೆಲಮಟ್ಟಿಗೆ ತಡೆಯಾಗುತ್ತದೆ. ಕ್ಷಾರವಾದರೋ ಜೀವಕೋಶಗಳ ಜಿಡ್ಡನ್ನು ಕರಗಿಸುತ್ತ ಒಳಕ್ಕೆ ಇಳಿಯುತ್ತದೆ. ರೆಪ್ಪೆಯ ಅಡಿಯಲ್ಲಿ ಸಿಲುಕಿದ ಕಣ ಅಲ್ಲಿದ್ದಷ್ಟು ಹೊತ್ತೂ ಸುಡುತ್ತಲೇ ಇರುತ್ತದೆ. ಆದುದರಿಂದ ವೈದ್ಯರು ಎಷ್ಟು ನಿಪುಣರಿದ್ದರೂ, ಕಣ್ಣಿನ ಭವಿಷ್ಯ ಬಹುಪಾಲು ನಿರ್ಧಾರವಾಗುವುದು ಆಸ್ಪತ್ರೆ ಸೇರುವುದಕ್ಕೆ ಮುನ್ನ, ಶಾಲೆಯ ನಲ್ಲಿಯ ಬಳಿಯಲ್ಲಿ.

ಮೊದಲು ನೀರು, ವಾಹನ, ಪಾಲಕರಿಗೆ ಕರೆ ಎಲ್ಲವನ್ನೂ ಮತ್ತೊಬ್ಬರು ನೋಡಿಕೊಳ್ಳಲಿ. ಮಗುವನ್ನು ಬೆಂಚಿನ ಮೇಲೆ ಮಲಗಿಸಿ, ಸುಣ್ಣ ಬಿದ್ದ ಕಣ್ಣು ಕೆಳಗಾಗುವಂತೆ ತಲೆಯನ್ನು ಓರೆ ಮಾಡಬೇಕು. ಇಲ್ಲವಾದರೆ ತೊಳೆದ ನೀರು ಇನ್ನೊಂದು ಕಣ್ಣಿಗೆ ಹರಿಯುತ್ತದೆ. ನೋವಿನಿಂದ ರೆಪ್ಪೆಗಳು ಬಿಗಿದುಕೊಂಡಿರುವುದರಿಂದ ಒಬ್ಬರು ಬೆರಳುಗಳಿಂದ ಅವುಗಳನ್ನು ಬಿಡಿಸಿ ಹಿಡಿಯಬೇಕು. ಮತ್ತೊಬ್ಬರು ಮೂಗಿನ ಕಡೆಯಿಂದ ಹೊರಕ್ಕೆ ಲೋಟದಿಂದ ಎಡೆಬಿಡದೆ ಸುರಿಯಬೇಕು. ಕಣ್ಣನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಹೊರಳಿಸುವಂತೆ ಮಗುವಿಗೆ ಹೇಳುತ್ತಿರಬೇಕು. ಕೆಳರೆಪ್ಪೆಯೊಳಗೆ ಬಿಳಿಯ ಕಣ ಕಂಡರೆ ಒದ್ದೆಯಾದ ಶುಭ್ರ ಹತ್ತಿಯಿಂದ ಮೆಲ್ಲನೆ ತೆಗೆಯಬಹುದು. ಹೀಗೆ ಕನಿಷ್ಠ 20ರಿಂದ 30 ನಿಮಿಷ. ಮಗು ಅತ್ತಿತೆಂದು ಐದು ನಿಮಿಷಕ್ಕೆ ನಿಲ್ಲಿಸುವುದು ಕರುಣೆಯಲ್ಲ. ಕುಡಿಯುವ ನೀರು ಉತ್ತಮ. ಅದು ಮುಗಿದರೆ ಶುದ್ಧವಾಗಿ ಕಾಣುವ ಯಾವ ನೀರಾದರೂ ಸರಿ. ಹರಳೆಣ್ಣೆ, ತುಪ್ಪ, ಎದೆಹಾಲು ಹಾಕಲಾಗದು. ಕ್ಷಾರಕ್ಕೆ ಆಮ್ಲವೆಂಬ ಪಾಠ ನೆನೆದು ನಿಂಬೆರಸ ಹಿಂಡುವುದಂತೂ ಸರ್ವಥಾ ಕೂಡದು. ಎಕ್ಕ, ಕಳ್ಳಿಗಳ ಹಾಲು ಸಿಡಿದಾಗಲೂ ಇದೇ ಕ್ರಮ.

ಆದರೆ ಕೈವಾರದ ಮೊನೆ, ಬಾಣದ ಕಡ್ಡಿ, ಚಿನ್ನಿ ತಗುಲಿ ಕಣ್ಣು ಹರಿದಿದ್ದರೆ ತೊಳೆಯಬಾರದು, ಒತ್ತಬಾರದು, ಚುಚ್ಚಿಕೊಂಡದ್ದನ್ನು ಕೀಳಬಾರದು. ಸುತ್ತಲಿನ ಮೂಳೆಯ ಮೇಲೆ ಕೂರುವಂತೆ ಕಾಗದದ ಲೋಟವನ್ನು ಬೋರಲಾಗಿಟ್ಟು ಅಂಟುಪಟ್ಟಿ ಹಾಕಬೇಕು. ಚುಚ್ಚಿಕೊಂಡ ವಸ್ತುವಿಗೆ ಅದು ತಗಲದಿರಲಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಊಟ, ನೀರು ಕೊಡುವಂತಿಲ್ಲ. ಜೋಳದ ಗರಿ, ಮುಳ್ಳು ಗೀರಿದ ಕಣ್ಣಿಗೆ ಮನೆಯಲ್ಲುಳಿದ ಹಳೆಯ ಹನಿ ಹಾಕಿ ಸುಮ್ಮನಿರುವುದೂ ತಪ್ಪು: ಶಿಲೀಂಧ್ರದ ಹುಣ್ಣು ಕೆಲವು ದಿನಗಳ ಬಳಿಕ ತೋರುತ್ತದೆ, ಸ್ಟೀರಾಯ್ಡ್ ಹನಿ ಅದನ್ನು ಬೆಳೆಸುತ್ತದೆ.

ಗಡಿಯಾಚೆಯ ಕನ್ನಡ ಶಾಲೆಗೆ ಇನ್ನೊಂದು ಕರ್ತವ್ಯವಿದೆ. ‘ಕಣ್ಣಾಗ ಸುಣ್ಣ ಬಿತ್ತು’ ಎಂಬ ಮಗುವಿನ ಮಾತು ಆಸ್ಪತ್ರೆಯ ದಾದಿಗೆ ತಿಳಿಯದೆ ಹೋಗಬಹುದು. ಧೂಳು ಬಿದ್ದ ಕಣ್ಣೆಂದು ಸಾಲಿನಲ್ಲಿ ಕೂರಿಸಿದರೆ ಅಮೂಲ್ಯವಾದ ಹೊತ್ತು ಕಳೆಯುತ್ತದೆ. ಮರಾಠಿಯಲ್ಲಿ ಚುನಾ, ತಮಿಳಿನಲ್ಲಿ ಸುಣ್ಣಾಂಬು, ಮಲಯಾಳದಲ್ಲಿ ಚುಣ್ಣಾಂಬ್, ತೆಲುಗಿನಲ್ಲಿ ಸುನ್ನಂ: ಆಯಾ ರಾಜ್ಯದ ಲಿಪಿಯಲ್ಲಿ ಬರೆದ ಚೀಟಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಸದಾ ಇರಬೇಕು. ಬಿದ್ದ ಸಮಯ, ತೊಳೆದ ಅವಧಿ ಇವಿಷ್ಟನ್ನು ತುಂಬಿ, ಒಡೆದ ಪೊಟ್ಟಣದೊಡನೆ ಎರಡೂ ಭಾಷೆ ಬಲ್ಲ ಶಿಕ್ಷಕರೊಬ್ಬರು ಜೊತೆಗೆ ಹೋಗಬೇಕು. ಕಣ್ಣಿನ ವೈದ್ಯರು ಇರುವ ಆಸ್ಪತ್ರೆ ಯಾವುದು, ತಾಳವಾಡಿಯವರಿಗೆ ಚಾಮರಾಜನಗರ ಹತ್ತಿರವೋ ಸತ್ಯಮಂಗಲ ಹತ್ತಿರವೋ ಎಂಬುದನ್ನು ಜೂನ್ ತಿಂಗಳಲ್ಲಿಯೇ ವಿಚಾರಿಸಿ, ದೂರವಾಣಿ ಸಂಖ್ಯೆಯನ್ನೂ 108ನ್ನೂ ಮುಖ್ಯಶಿಕ್ಷಕರ ಕೊಠಡಿಯ ಗೋಡೆಗೆ ಅಂಟಿಸಿರಬೇಕು.