ಗಿಡದ ಲೆಕ್ಕ, ಗುಡ್ಡದ ಲೆಕ್ಕ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ನಾಲ್ಕು ಮಾತಾಡಲು ಅವಕಾಶ ಕೊಟ್ಟ ಗುರುಗಳಿಗೆ ನಾನು ಋಣಿ. ಇಲ್ಲಿ ಹತ್ತನೇ ತರಗತಿ ಮುಗಿಸಿ, ಮುಂದೆ ಬಿಇ ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಕಾರ್ಖಾನೆಗಳು ಎಷ್ಟು ಕರೆಂಟು ಉರಿಸಿದವು, ಎಷ್ಟು ಹೊಗೆ ಬಿಟ್ಟವು ಎಂಬ ಲೆಕ್ಕ ಇಡುವ ತಂತ್ರಾಂಶ ಬರೆಯುವುದು ನಮ್ಮ ತಂಡದ ಕೆಲಸ. ಅದಕ್ಕೇ ಊರಿಗೆ ಬಂದಾಗಲೆಲ್ಲ ಹಿರಿಯರು ಒಂದೇ ಪ್ರಶ್ನೆ ಕೇಳುತ್ತಾರೆ: "ಗಿಡ ಹಚ್ಚಿದ್ರ ಕಾರ್ಬನ್ ರೊಕ್ಕ ಕೊಡ್ತಾರಂತಲ್ಲಪ್ಪ, ಖರೇನೇನು?" ಕರಾರು ಪತ್ರ ಹಿಡಿದು ಹಳ್ಳಿಗೆ ಬರುವವರೂ ಈಗ ಇದ್ದಾರೆ. ಸಹಿ ಹಾಕುವ ಮೊದಲು ಈ ವ್ಯವಹಾರ ಏನೆಂದು ತಿಳಿದಿರಬೇಕು. ಇವತ್ತು ಅದನ್ನೇ ಹೇಳುತ್ತೇನೆ.

ಕಾರ್ಬನ್ ಕ್ರೆಡಿಟ್ ಅಂದರೆ ಒಂದು ರಸೀದಿ. ಗಾಳಿಗೆ ಸೇರಬೇಕಿದ್ದ ಒಂದು ಟನ್ ಇಂಗಾಲದ ಡೈಆಕ್ಸೈಡನ್ನು ತಡೆದರೆ, ಇಲ್ಲವೇ ಗಾಳಿಯಲ್ಲಿರುವುದನ್ನು ಅಷ್ಟು ಹೀರಿಕೊಂಡರೆ ಒಂದು ಕ್ರೆಡಿಟ್. ಹೊಗೆ ಬಿಡುವ ಕಂಪನಿ ಅದನ್ನು ಕೊಂಡು ತನ್ನ ಲೆಕ್ಕಕ್ಕೆ ಹಾಕಿಕೊಳ್ಳುತ್ತದೆ. ಒಮ್ಮೆ ಲೆಕ್ಕಕ್ಕೆ ಹಾಕಿದ ರಸೀದಿಯನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ. 1997ರ ಕ್ಯೋಟೊ ಒಪ್ಪಂದದಿಂದ ಈ ವ್ಯಾಪಾರ ಜಗತ್ತಿನಲ್ಲಿ ಬೆಳೆಯಿತು. ನಮ್ಮ ಕೇಂದ್ರ ಸರ್ಕಾರವೂ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನು ಅಧಿಸೂಚಿಸಿದೆ.

ಒಂದು ಟನ್ ಎಂದರೆ ಎಷ್ಟು ಗಿಡ? ನಮ್ಮ ತೂಕದಲ್ಲೇ ನೋಡೋಣ. ಒಣ ಕಟ್ಟಿಗೆಯಲ್ಲಿ ಸುಮಾರು ಅರ್ಧ ಭಾಗ ಇಂಗಾಲ. ಒಂದು ಕ್ವಿಂಟಲ್ ಒಣ ಕಟ್ಟಿಗೆಯಲ್ಲಿ 50 ಕಿಲೊ ಇಂಗಾಲವಿದ್ದರೆ, ಅದು ಗಾಳಿಯಿಂದ ತೆಗೆದುಕೊಂಡ ಇಂಗಾಲದ ಡೈಆಕ್ಸೈಡ್ ಸುಮಾರು 183 ಕಿಲೊ. ಅಂದರೆ ಐದೂವರೆ ಕ್ವಿಂಟಲ್ ಒಣತೂಕದಷ್ಟು ಮರ ಬೆಳೆದು, ಕಡಿಯದೆ ನಿಂತರೆ ಒಂದು ಕ್ರೆಡಿಟ್. ಅಷ್ಟು ಬೆಳೆಯಲು ನಮ್ಮ ಬಿಸಿಲುಸೀಮೆಯಲ್ಲಿ ಎಷ್ಟು ಮಳೆಗಾಲ ಬೇಕೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇನ್ನೊಂದು ಮುಖ್ಯ ನಿಯಮವಿದೆ. ಈ ಯೋಜನೆ ಬರದಿದ್ದರೂ ಇರುತ್ತಿದ್ದ ಮರಕ್ಕೆ ಕ್ರೆಡಿಟ್ ಇಲ್ಲ. ಅಜ್ಜ ಹಚ್ಚಿದ ಹುಣಸೆಮರ ಈ ಲೆಕ್ಕಕ್ಕೆ ಬರುವುದಿಲ್ಲ.

ಇದರಿಂದ ಒಳ್ಳೆಯದಾಗಿಲ್ಲವೇ? ಆಗಿದೆ. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಹತ್ತು ಸಾಂಪ್ರದಾಯಿಕ ಆಡಳಿತಗಳು ಸೇರಿ ಸುಮಾರು 27,000 ಹೆಕ್ಟೇರ್ ಪ್ರದೇಶದಲ್ಲಿ ಕಾಡು ಕಾಯುವ ಯೋಜನೆ ನಡೆಸಿವೆ. ಬೆಂಕಿ ಹಬ್ಬದಂತೆ ತಡೆಪಟ್ಟಿ ಕಡಿಯುವುದು, ಕಟ್ಟಿಗೆ ಉಳಿಸುವ ಒಲೆ, ಸ್ವಸಹಾಯ ಸಂಘ, ಇವೆಲ್ಲ ಅದರ ಭಾಗ. ನಮ್ಮ ರಾಜ್ಯದ ಬಾಗೇಪಲ್ಲಿಯಲ್ಲಿ ಕೂಲಿಕಾರರ ಸಂಘವೊಂದು 5,500 ಗೋಬರ್ ಗ್ಯಾಸ್ ಘಟಕಗಳ ಯೋಜನೆಯನ್ನು 2005ರಲ್ಲೇ ಕ್ಯೋಟೊ ವ್ಯವಸ್ಥೆಯಡಿ ನೋಂದಾಯಿಸಿತು. ಅಡುಗೆಗೆ ಕಟ್ಟಿಗೆ ಕಡಿಮೆಯಾದಷ್ಟೂ ಗುಡ್ಡದ ಗಿಡ ಉಳಿಯಿತು, ಹೆಣ್ಣುಮಕ್ಕಳ ಕಣ್ಣಿಗೆ ಹೊಗೆ ತಪ್ಪಿತು. ಎರಡೂ ಕಡೆ ಯೋಜನೆ ಸಾಗಿದ್ದು ಜನರ ಸ್ವಂತ ಸಂಘಟನೆಯ ಬಲದಿಂದ.

ಆದರೆ ಈ ತಕ್ಕಡಿಗೆ ತೂಕ ಮಾತ್ರ ಗೊತ್ತು, ಜೀವ ಗೊತ್ತಿಲ್ಲ. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯನ್ನು ನೋಡಿ. ಹೊರದೇಶದಿಂದ ಬಂದದ್ದು, ನೀರಿಲ್ಲದೆಯೂ ಬೇಗ ಬೆಳೆಯುತ್ತದೆ. ಇಂಗಾಲದ ತೂಕಕ್ಕೆ ಇಟ್ಟರೆ ಅದಕ್ಕೆ ಒಳ್ಳೆಯ ಅಂಕ. ಆದರೆ ಅದು ಹಬ್ಬಿದ ಕಡೆ ಹುಲ್ಲೂ ಇಲ್ಲ, ಕಾರೆ, ಬಾರೆ, ಕವಳೆ ಹಣ್ಣಿನ ಗಿಡವೂ ಇಲ್ಲ. ದರೋಜಿಯ ಕರಡಿಗೆ ಬೇಕಾದದ್ದು ಗೆದ್ದಲು, ಜೇನು, ಕಾಡುಹಣ್ಣು, ಬಂಡೆಯ ನೆರಳು. 1994ರಲ್ಲಿ ಘೋಷಣೆಯಾದ, ಸುಮಾರು 82 ಚದರ ಕಿಲೊಮೀಟರ್‌ನ ಆ ಕರಡಿಧಾಮ ಕುರುಚಲು ಕಾಡು. ಹಂಪಿಯ ಬಂಡೆಗಳ ನಡುವಿನ ಹಳದಿ ಕತ್ತಿನ ಪಿಕಳಾರ, ನಕ್ಷತ್ರ ಆಮೆ, ಇವಕ್ಕೂ ಅದೇ ಕುರುಚಲೇ ಮನೆ. ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೊಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ನೀರುನಾಯಿ ಎಷ್ಟು ಟನ್? ಆ ಲೆಕ್ಕದಲ್ಲಿ ಸೊನ್ನೆ. ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ, ಸಂಡೂರು, ಕಂಪ್ಲಿ ಬಳ್ಳಾರಿಗೆ ಎಂದು ನಾವು ಹಂಚಿಕೊಂಡಿದ್ದೇವೆ. ಕರಡಿಗೆ ಆ ಗಡಿಯೂ ಗೊತ್ತಿಲ್ಲ.

ಸಂಡೂರಿನ ಗುಡ್ಡದ ಮಾತು ಬಿಟ್ಟು ನಾನು ಕೆಳಗಿಳಿಯಲಾರೆ. ದೇವದಾರಿಯಲ್ಲಿ ಕೆಐಒಸಿಎಲ್ ಗಣಿಗೆ ಗುರುತಿಸಿದ 400 ಹೆಕ್ಟೇರಿಗೂ ಹೆಚ್ಚಿನ ಅರಣ್ಯದಲ್ಲಿ 99,330 ಮರಗಳಿವೆ ಎಂಬ ಲೆಕ್ಕ 2024ರಲ್ಲಿ ಎಲ್ಲರ ಬಾಯಲ್ಲಿತ್ತು. ಆ ಜಾಗ ಹಸ್ತಾಂತರಿಸಬೇಡಿ ಎಂದು ರಾಜ್ಯದ ಅರಣ್ಯ ಸಚಿವರು ಅಧಿಕಾರಿಗಳಿಗೆ ಸೂಚಿಸಿದ್ದರು. ಕಾರ್ಬನ್ ಕ್ರೆಡಿಟ್ ಬಂದರೆ ಇಂಥ ಗುಡ್ಡ ಉಳಿಯುತ್ತದೆ ಎಂದು ಕೆಲವು ಗೆಳೆಯರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತಕ್ಕಡಿಯ ಒಂದು ಕಡೆ ಅದಿರು, ಇನ್ನೊಂದು ಕಡೆ ಕ್ರೆಡಿಟ್ ಇಟ್ಟರೆ ಅದಿರೇ ಭಾರ. 2011ರಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಂತದ್ದು ಲೋಕಾಯುಕ್ತ ವರದಿ, ಜನರ ಹೋರಾಟ, ಸುಪ್ರೀಂ ಕೋರ್ಟಿನ ಆದೇಶದಿಂದ. ಯಾವ ಮಾರುಕಟ್ಟೆಯೂ ಅದನ್ನು ನಿಲ್ಲಿಸಲಿಲ್ಲ. ಉಳಿದ ಕಾಡನ್ನು ಕಾಯಲು ಕ್ರೆಡಿಟ್ಟಿನ ದುಡ್ಡು ನೆರವಾಗಬಹುದು. ಕಾಡನ್ನು ಉಳಿಸುವುದು ಮಾತ್ರ ಕಾನೂನು ಮತ್ತು ಜನ.

ಲೆಕ್ಕದಲ್ಲಿ ಉಬ್ಬರವೂ ಇರುತ್ತದೆ. 2023ರ ಜನವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಮತ್ತು ಅದರ ಜೊತೆಗಾರರು, ಅತಿ ದೊಡ್ಡ ಪ್ರಮಾಣೀಕರಣ ಸಂಸ್ಥೆಯಾದ ವೆರಾದ ಮಳೆಕಾಡು ಕ್ರೆಡಿಟ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ನಿಜವಾದ ಉಳಿತಾಯ ಅಲ್ಲದಿರಬಹುದು ಎಂದು ಬರೆದರು. ಸಂಸ್ಥೆ ಅದನ್ನು ಅಲ್ಲಗಳೆಯಿತು. ಜಗಳದ ಮೂಲ ಒಂದೇ: "ಯೋಜನೆ ಬರದಿದ್ದರೆ ಎಷ್ಟು ಕಾಡು ಹೋಗುತ್ತಿತ್ತು?" ಮೊದಲಿನ ಲೆಕ್ಕ ಯಾರು ಬರೆದರು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆದ್ದರಿಂದ ರೈತ ಬಂಧುಗಳಲ್ಲಿ ನನ್ನ ವಿನಂತಿ. ಕರಾರಿಗೆ ಸಹಿ ಹಾಕುವ ಮುನ್ನ ಐದು ಪ್ರಶ್ನೆ ಕೇಳಿ. ಎಷ್ಟು ವರ್ಷದ ಕರಾರು? ಗಿಡ ಒಣಗಿದರೆ, ಬೆಂಕಿ ಬಿದ್ದರೆ ಹೊಣೆ ಯಾರದು? ಅಳತೆ, ತಪಾಸಣೆಯ ಖರ್ಚು ಕಳೆದು ನನ್ನ ಪಾಲು ಎಷ್ಟು, ಯಾವಾಗ? ನನ್ನ ಮಗ ನಾಳೆ ಹೊಲ ಮಾರಿದರೆ ಏನಾಗುತ್ತದೆ? ಯಾವ ಜಾತಿಯ ಗಿಡ? ಉತ್ತರ ಕನ್ನಡದಲ್ಲಿ, ಬರವಣಿಗೆಯಲ್ಲಿ ಬೇಕು. ಗೋಮಾಳದ ವಿಷಯವಾದರೆ ಗ್ರಾಮಸಭೆಯಲ್ಲೇ ಮಾತಾಗಬೇಕು. ಕುರಿಗಾರರನ್ನು ಹೊರಗಿಟ್ಟು ನೆಟ್ಟ ಕಾಡು ನಿಲ್ಲುವುದಿಲ್ಲ.

ಶಾಲೆಗೂ ಒಂದು ಕೆಲಸ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು. ಅದನ್ನು ನಮ್ಮ ಮಕ್ಕಳು ಜೀವಂತ ಇಡಬಹುದು. ಗುಡ್ಡದಲ್ಲಿ ಯಾವ ಗಿಡ ಎಲ್ಲಿದೆ, ಯಾವ ತಿಂಗಳು ಹಣ್ಣು ಬಿಡುತ್ತದೆ, ಕರಡಿ ಹೆಜ್ಜೆ ಎಲ್ಲಿ ಕಂಡಿತು, ಯಾವ ಕೆರೆಗೆ ಯಾವ ಹಕ್ಕಿ ಬಂತು. ಗಿಡಗಳ ಹೆಸರು ನಮ್ಮ ಅಜ್ಜ-ಅಜ್ಜಿಯರಿಗೆ ಗೊತ್ತು, ಫೋನು ಮಕ್ಕಳ ಕೈಗೆ ಗೊತ್ತು. ಇಬ್ಬರನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸಿದರೆ ಸಾಕು. ಅದಕ್ಕೆ ಬೇಕಾದ ಸರಳ ತಂತ್ರಾಂಶವನ್ನು ಕನ್ನಡದಲ್ಲಿ ಬರೆದುಕೊಡುವ ಹೊಣೆ ನನ್ನದು. ವರ್ಷಕ್ಕೆರಡು ಸಲ ಬಂದು ವಿಜ್ಞಾನ ಶಿಕ್ಷಕರ ಜೊತೆ ಕೂರುತ್ತೇನೆ.

ನಾಳೆ ಕ್ರೆಡಿಟ್ಟಿನವರು ಬರಲಿ, ಗಣಿಯವರು ಬರಲಿ, ನಮ್ಮ ಗುಡ್ಡದಲ್ಲಿ ಏನಿದೆ ಎಂಬುದನ್ನು ಅವರ ಕಾಗದದಲ್ಲಿ ಓದುವ ಸ್ಥಿತಿ ನಮಗೆ ಬರಬಾರದು. ನಮ್ಮ ವಹಿಯನ್ನು ನಾವು ಮೊದಲು ಬರೆದಿಟ್ಟಿರಬೇಕು.