ಒಂದು ಮತದ ದೂರ

(ಘಟ್ಟದ ಬುಡದ ಗ್ರಾಮಸ್ಥರೂ ಕಾಲೇಜು ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಬ್ಲೈತ್ ಎಂಬ ಬಂದರು ಪಟ್ಟಣವೊಂದಿದೆ. 2017ರ ಮೇ ತಿಂಗಳಿನಲ್ಲಿ ಅಲ್ಲಿಯ ನಾರ್ತಂಬರ್ಲೆಂಡ್ ಕೌಂಟಿ ಪರಿಷತ್ತಿಗೆ ಚುನಾವಣೆ ನಡೆದಾಗ ದಕ್ಷಿಣ ಬ್ಲೈತ್ ವಾರ್ಡಿನ ಇಬ್ಬರು ಅಭ್ಯರ್ಥಿಗಳಿಗೆ ಸಮಸಮವಾಗಿ ಮತ ಬಿದ್ದವು. ಮರುಎಣಿಕೆಯಲ್ಲಿಯೂ ಅದೇ ಲೆಕ್ಕ ಬಂದಿತು. ಕೊನೆಗೆ ಇಬ್ಬರ ಕೈಯಲ್ಲಿಯೂ ಕಡ್ಡಿ ಎತ್ತಿಸಿ ತೀರ್ಮಾನಿಸಲಾಯಿತು. ಗೆದ್ದವರು ಲಿಬರಲ್ ಡೆಮಾಕ್ರಾಟ್ ಅಭ್ಯರ್ಥಿ; ಸೋತವರು ಕನ್ಸರ್ವೇಟಿವ್ ಪಕ್ಷದವರು. ಪರಿಷತ್ತಿನ 67 ಸ್ಥಾನಗಳಲ್ಲಿ 33ಕ್ಕೆ ಬಂದು ನಿಂತ ಆ ಪಕ್ಷಕ್ಕೆ ಒಂದೇ ಒಂದು ಸ್ಥಾನದಿಂದ ಬಹುಮತ ತಪ್ಪಿತು. ಇಡೀ ಜಿಲ್ಲೆಯ ಆಡಳಿತವು ಒಂದು ಹುಲ್ಲುಕಡ್ಡಿಯ ಉದ್ದದ ಮೇಲೆ ನಿಂತಿತೆಂದು ಪತ್ರಿಕೆಗಳಿಗೆ ವಿನೋದದ ಸುದ್ದಿಯಾಯಿತು.

ವಿನೋದವೆಂದು ನಕ್ಕು ಬಿಡುವ ಮೊದಲು ಇಲ್ಲಿಯ ಲೆಕ್ಕವನ್ನೂ ನೋಡಬೇಕು. 2018ರ ಆಗಸ್ಟಿನಲ್ಲಿ ಉಡುಪಿ ಜಿಲ್ಲೆಯ ಪಟ್ಟಣಗಳಿಗೆ ಮತದಾನವಾಯಿತು. ಕುಂದಾಪುರ ಪುರಸಭೆಯ 23 ವಾರ್ಡುಗಳಲ್ಲಿ ಫಲಿತಾಂಶ ಸ್ಪಷ್ಟವಾಗಿಯೇ ಬಂದಿತು. ಆದರೆ ಅಷ್ಟೇ ವಾರ್ಡುಗಳಿರುವ ಪಕ್ಕದ ಕಾರ್ಕಳದಲ್ಲಿ ಕಾಂಗ್ರೆಸ್ಸಿಗೆ 11, ಬಿಜೆಪಿಗೆ 11, ಪಕ್ಷೇತರರಿಗೆ 1. ಪುರಸಭೆಯ ಅಧ್ಯಕ್ಷರ ಆಯ್ಕೆಯಲ್ಲಿ ಶಾಸಕರಿಗೂ ಸಂಸದರಿಗೂ ಮತವಿರುವುದರಿಂದ, ಇಂತಹ ಸ್ಥಿತಿಯಲ್ಲಿ ವಾರ್ಡಿನ ಮತದಾರನು ಸಮವಾಗಿಟ್ಟ ತಕ್ಕಡಿಯನ್ನು ವಾರ್ಡಿನಿಂದ ಆರಿಸಿ ಬಾರದವರ ಮತವೇ ವಾಲಿಸಬಲ್ಲದು. ಅದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೊಂದಿದೆ. ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿಯು ನ್ಯಾಯಾಲಯದ ಮೆಟ್ಟಿಲೇರಿದ ಕಾರಣ, ರಾಜ್ಯದಾದ್ಯಂತ ಆ ವರ್ಷ ಗೆದ್ದ ಸದಸ್ಯರು 2020ರವರೆಗೂ ಅಧ್ಯಕ್ಷರಿಲ್ಲದ ಸಭಾಂಗಣಗಳನ್ನು ನೋಡುತ್ತ ಕುಳಿತರು. ಜಿದ್ದಾಜಿದ್ದಿಯಿಂದ ಗೆದ್ದದ್ದು ಜನಪ್ರತಿನಿಧಿಗಳು; ಆಡಳಿತ ನಡೆಸಿದ್ದು ಅಧಿಕಾರಿಗಳು.

ಒಂದು ಮತದಿಂದ ಏನಾಗುವುದೆಂದು ಕೇಳುವವರಿಗೆ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯೇ ಉತ್ತರ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751. ಎಂಬತ್ತು ಸಾವಿರ ಮತಗಳ ನಡುವೆ ಅಂತಹುದು ಅಪರೂಪ. ಗ್ರಾಮ ಪಂಚಾಯತಿಯಲ್ಲಿ ಅದು ಅಪರೂಪವೇ ಅಲ್ಲ. 2020ರ ಡಿಸೆಂಬರಿನಲ್ಲಿ ರಾಜ್ಯದ ಗ್ರಾಮ ಪಂಚಾಯತಿಗಳಿಗೆ 22 ಮತ್ತು 27ರಂದು ಎರಡು ಹಂತಗಳಲ್ಲಿ ಮತದಾನವಾಗಿ 30ರಂದು ಎಣಿಕೆಯಾದಾಗ, ಒಂದು ಎರಡು ಮತಗಳ ಗೆಲುವು, ಸಮಮತ, ಚೀಟಿ ಎತ್ತಿದ ತೀರ್ಮಾನ ಇವೆಲ್ಲ ಹಲವು ಕಡೆ ಸಂಭವಿಸಿದವು.

ಇದಕ್ಕೆ ಕಾರಣ ಸರಳವಾದ ಗಣಿತ. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಮೂರು ಸ್ಥಾನಗಳಿರುವ ಒಂದು ಕ್ಷೇತ್ರವನ್ನು ಊಹಿಸಿಕೊಳ್ಳಬಹುದು. ಅಲ್ಲಿ ಹೆಚ್ಚೆಂದರೆ ಎಂಟುನೂರು ಒಂಬೈನೂರು ಮತದಾರರು. ಕಣದಲ್ಲಿ ಎಂಟು ಮಂದಿ ಇದ್ದರೆ ಗೆಲುವಿನ ಗೆರೆಯ ಆಚೆಗೂ ಈಚೆಗೂ ಇರುವವರ ನಡುವಿನ ಅಂತರವು ಒಂದು ಕೂಡುಕುಟುಂಬದ ಪಂಕ್ತಿಯಷ್ಟೇ ಇರುವುದು ಸಹಜ. ಪಕ್ಷದ ಚಿಹ್ನೆಯಿಲ್ಲ. ಇಲ್ಲಿ ಮತ ಬೀಳುವುದು ಮನೆತನಕ್ಕೆ, ಬೈಲಿಗೆ, ಜಾತಿಗೆ, ಹಳೆಯ ಗಡಿ ತಕರಾರಿಗೆ, ಕೆಲವೊಮ್ಮೆ ನಿಜವಾಗಿಯೂ ಒಳ್ಳೆಯ ಕೆಲಸಕ್ಕೆ.

ಇಂತಹ ಕ್ಷೇತ್ರದ ಮತಪತ್ರವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಎಷ್ಟು ಸ್ಥಾನಗಳಿವೆಯೋ ಮತದಾರನಿಗೆ ಅಷ್ಟು ಮತಗಳಿರುತ್ತವೆ. ಒಬ್ಬ ಅಭ್ಯರ್ಥಿಗೆ ಒಂದಕ್ಕಿಂತ ಹೆಚ್ಚು ಹಾಕುವಂತಿಲ್ಲ. ಮೂರು ಮತವಿದ್ದೂ ತನ್ನ ನೆಂಟನೊಬ್ಬನಿಗೆ ಮಾತ್ರ ಮುದ್ರೆಯೊತ್ತಿ ಉಳಿದೆರಡನ್ನು ಯಾರಿಗೂ ಕೊಡದೆ ಬರುವವರಿದ್ದಾರೆ. ಹಾಗೆ ಮಾಡಿದವನು ತನ್ನ ಅಭ್ಯರ್ಥಿಯ ಪ್ರತಿಸ್ಪರ್ಧಿಗಳಿಗೆ ಮತ ಹೋಗದಂತೆ ತಡೆಯುತ್ತಾನೆ; ಅದು ಮೌಢ್ಯವಲ್ಲ, ಚತುರತೆಯೇ. ನಾಲ್ಕು ಕಡೆ ಮುದ್ರೆಯೊತ್ತಿದ ಮತಪತ್ರವಾದರೋ ಕುಲಗೆಟ್ಟು ಹೋಗುತ್ತದೆ. ವಯಸ್ಸಾದವರೂ ಅಕ್ಷರ ಬಾರದವರೂ ಒದ್ದಾಡುವುದು ಇಲ್ಲಿಯೇ. ಮತಯಂತ್ರಕ್ಕೆ ಒಗ್ಗಿಹೋದ ಕೈಗಳಿಗೆ ಪಂಚಾಯತಿ ಚುನಾವಣೆಯಲ್ಲಿ ಮತ್ತೆ ಕಾಗದ, ಮತ್ತೆ ಮುದ್ರೆ. ಒಂದೆರಡು ಮತಗಳಿಂದ ಫಲಿತಾಂಶ ನಿರ್ಧಾರವಾಗುವ ಕಡೆ ಐದಾರು ಮತಪತ್ರಗಳು ಅಸಿಂಧುವಾದರೂ ಸಾಕು, ಸೋತವನ ಅಂಗಳದಲ್ಲಿ ಐದು ವರ್ಷ ಅದರದೇ ಮಾತು. ಸ್ಪರ್ಧಿಸಿದ ಎಂಟೂ ಮಂದಿ ಕೈಮುಗಿದು ಮತ ಕೇಳುತ್ತಾರೆಯೇ ಹೊರತು, ಮುದ್ರೆ ಒತ್ತುವ ಬಗೆಯನ್ನು ಹೇಳಿಕೊಡುವವರು ವಿರಳ.

ಮೀಸಲು ಸ್ಥಾನದ ಅಭ್ಯರ್ಥಿಯು ಕಡಿಮೆ ಮತ ಪಡೆದೂ ಗೆಲ್ಲುವುದನ್ನು ಕಂಡು ಅನ್ಯಾಯವೆನ್ನುವವರಿದ್ದಾರೆ. ಇದು ಅನ್ಯಾಯವಲ್ಲ. 1983ರ ಕಾಯಿದೆಯನ್ವಯ 1987ರಲ್ಲಿ ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದಾಗ ಮಹಿಳೆಯರಿಗೆ ನಾಲ್ಕರಲ್ಲೊಂದು ಪಾಲು ಸಿಕ್ಕಿತು. 1993ರ ಕಾಯಿದೆ ಅದನ್ನು ಮೂರರಲ್ಲೊಂದಾಗಿಸಿತು. 2010ರ ತಿದ್ದುಪಡಿಯಿಂದ ಅರ್ಧವಾಯಿತು. ಅಬ್ದುಲ್ ನಜೀರ್ ಸಾಬ್ ಅವರನ್ನು ಕೊಳವೆಬಾವಿಗಳ ಕಾರಣಕ್ಕೆ ‘ನೀರ್ ಸಾಬ್’ ಎಂದು ಜನ ನೆನೆಯುತ್ತಾರೆ. ಅವರು ಹಳ್ಳಿಗೆ ಇಳಿಸಿದ ಅಧಿಕಾರದ ನೆನಪು ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ನೀರು ಕೊಟ್ಟವರನ್ನು ಮರೆಯದ ಜನ ಅಧಿಕಾರ ಕೊಟ್ಟವರನ್ನು ಬೇಗನೆ ಮರೆಯುತ್ತಾರೇನೋ.

ಇಷ್ಟೆಲ್ಲ ಹೋರಾಡಿ ಗೆಲ್ಲುವುದಾದರೂ ಏನನ್ನು? ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ 2022ರ ಆಗಸ್ಟಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹೊಳೆಯ ಪಾಲಾದಳು. ಅಡಕೆ ಮರದ ದಬ್ಬೆಗಳನ್ನೋ ಮರದ ದಿಮ್ಮಿಯನ್ನೋ ಹಾಸಿದ ಇಂತಹ ಸಂಕಗಳ ಮೇಲೆ ಮಳೆಗಾಲದಲ್ಲಿ ಮಕ್ಕಳು ದಾಟುವುದು ಘಟ್ಟದ ಬುಡದ ಊರುಗಳಿಗೆ ಹೊಸತಲ್ಲ. ಸೇತುವೆ ಕಟ್ಟುವಷ್ಟು ಹಣ ಗ್ರಾಮ ಪಂಚಾಯತಿಯ ಬಳಿ ಸಾಮಾನ್ಯವಾಗಿ ಇರುವುದಿಲ್ಲವೆಂಬುದು ನಿಜ. ಆದರೆ ಯಾವ ಸಂಕ ಮೊದಲು, ಯಾವ ರಸ್ತೆ ಆಮೇಲೆ ಎಂಬ ಬೇಡಿಕೆಯ ಪಟ್ಟಿ ಹುಟ್ಟಬೇಕಾದದ್ದು ವಾರ್ಡು ಸಭೆಯಲ್ಲಿ, ಗ್ರಾಮಸಭೆಯಲ್ಲಿ. ಮೂರು ಮನೆಗಳ ಕೇರಿಯೊಂದು ಆ ಪಟ್ಟಿಯ ಕೊನೆಗೆ ಜಾರುವುದೋ ಮೊದಲಿಗೆ ಏರುವುದೋ ಎಂಬುದು ಆ ಒಂದೆರಡು ಮತಗಳ ಗೆಲುವಿಗೆ ಸಂಬಂಧಿಸಿದ್ದು.

ಅದೇ 2022ರಲ್ಲಿ ಜಡ್ಕಲ್, ಮುದೂರು ಭಾಗದಲ್ಲಿ ಡೆಂಗೆ ಜ್ವರ ಹರಡಿತು. ರಬ್ಬರು ಹಾಲು ಹಿಡಿಯುವ ಬಟ್ಟಲುಗಳಲ್ಲಿ, ತೋಟದಲ್ಲಿ ಬಿದ್ದ ಅಡಕೆ ಹಾಳೆಗಳಲ್ಲಿ ನಿಂತ ಬೊಗಸೆ ನೀರು ಸೊಳ್ಳೆಗೆ ಸಾಕು. ಹಾಲು ತೆಗೆಯುವುದನ್ನು ನಿಲ್ಲಿಸಿದ ದಿನ ಬಟ್ಟಲನ್ನು ಬೋರಲು ಹಾಕುವುದಷ್ಟೇ ಇದಕ್ಕೆ ಬೇಕಾದ ತಂತ್ರಜ್ಞಾನ. ತೋಟದ ಮಾಲೀಕನಿಗೆ ಇದನ್ನು ಗಟ್ಟಿಯಾಗಿ ಹೇಳುವ ಧೈರ್ಯ ಯಾರಿಗಿರಬೇಕು? ಆತನ ಮನೆಯ ಆರು ಮತಗಳನ್ನು ನಂಬಿ ಗೆದ್ದ ಸದಸ್ಯನಿಗೆ ಅದು ಸುಲಭವಲ್ಲ. ಅಲ್ಪ ಅಂತರದ ಗೆಲುವಿಗೆ ಈ ದೌರ್ಬಲ್ಯವೂ ಇದೆ. ಕೆಂಪುಕಲ್ಲಿನ ಕೋರೆಯ ಧೂಳು, ಹೊಳೆಯ ಮರಳು, ಹಾಡಿಯ ಒತ್ತುವರಿ, ಎಲ್ಲದರಲ್ಲಿಯೂ ಇದೇ ಕಥೆ. ಕಡಿಮೆ ಅಂತರದಿಂದ ಗೆದ್ದವನು ಎಲ್ಲರಿಗೂ ಹತ್ತಿರ, ಹಾಗೆಯೇ ಎಲ್ಲರಿಗೂ ಹೆದರುವವನು.

ಭಯದ ಮಾತು ಬಂದಾಗ ಪಶ್ಚಿಮಘಟ್ಟದ ವರದಿಗಳನ್ನು ಬಿಟ್ಟು ಮುಂದೆ ಹೋಗಲಾಗದು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಾಗ, ಅದನ್ನು ಜನರ ಭಾಷೆಯಲ್ಲಿ ಗ್ರಾಮಸಭೆಗಳ ಮುಂದಿಟ್ಟು ತೀರ್ಮಾನಿಸಬೇಕೆಂಬುದೇ ಅದರ ತಿರುಳಾಗಿತ್ತು. ಅದು ಆಗಲಿಲ್ಲ. 2013ರ ಕಸ್ತೂರಿರಂಗನ್ ವರದಿಯನ್ನು ಆಧರಿಸಿ 2014ರಲ್ಲಿ ಹೊರಟ ಕರಡು ಅಧಿಸೂಚನೆಯು ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. 2024ರ ಜುಲೈಯಲ್ಲಿ ಆರನೆಯ ಬಾರಿ ಕರಡು ಹೊರಬಿತ್ತು. ಇಷ್ಟು ವರ್ಷಗಳಲ್ಲಿ ಕೊಲ್ಲೂರು, ಹೊಸಂಗಡಿ, ಅಮಾಸೆಬೈಲು ಕಡೆಯ ರೈತನಿಗೆ ‘ಕಸ್ತೂರಿರಂಗನ್’ ಎಂದರೆ ಓದಬೇಕಾದ ದಾಖಲೆಯಾಗದೆ, ಮನೆ ಬಿಟ್ಟು ಏಳಿಸುವ ಭೂತವಾಗಿಯೇ ಉಳಿಯಿತು. ವರದಿಯಲ್ಲಿ ಟೀಕಿಸಬೇಕಾದ ಅಂಶಗಳಿವೆ. ಆದರೆ ಓದಿ ವಿರೋಧಿಸುವುದೂ ಓದದೆ ಹೆದರುವುದೂ ಒಂದೇ ಅಲ್ಲ. ಚುನಾವಣೆ ಬಿಗಿಯಾದಷ್ಟೂ ಭೂತವನ್ನು ಕುಣಿಸುವವರ ಬೇಡಿಕೆ ಹೆಚ್ಚು.

ಪರಿಸರದ ಹೆಸರಿನಲ್ಲಿಯೇ ಮತ ಕೇಳಿದರೆ ಏನಾಗುತ್ತದೆ? ಇಂದಿನ ಬ್ರಹ್ಮಾವರ ತಾಲೂಕಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1989ರಲ್ಲಿ, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸುತ್ತ ಉತ್ತರ ಕನ್ನಡದಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತರು. ಅದನ್ನು ವ್ಯರ್ಥ ಸಾಹಸವೆಂದವರುಂಟು. ಲೋಕಸಭೆಯ ಕಣದಲ್ಲಿ ಅಂತಹ ಧ್ವನಿ ಲಕ್ಷಾಂತರ ಮತಗಳ ಸಮುದ್ರದಲ್ಲಿ ಕರಗುತ್ತದೆ. ಗ್ರಾಮ ಪಂಚಾಯತಿಯಲ್ಲಿ ಹಾಗಲ್ಲ. ಹತ್ತು ಮನೆಗಳು ಒಂದು ಮದಗದ ಹೂಳೆತ್ತುವ ವಿಷಯಕ್ಕೆ ಒಟ್ಟಾದರೆ ಸಾಕು, ಎಲ್ಲ ಅಭ್ಯರ್ಥಿಗಳ ಕರಪತ್ರದಲ್ಲಿಯೂ ಆ ಮದಗ ಕಾಣಿಸಿಕೊಳ್ಳುತ್ತದೆ. ವಾರಾಹಿ ನೀರಾವರಿ ಯೋಜನೆ 1979ರಲ್ಲಿ ಆರಂಭವಾಗಿ ಕಾಲುವೆಗೆ ನೀರು ಬಂದದ್ದು 2015ರಲ್ಲಿ. ಊರಿನ ಮದಗಕ್ಕೆ ಅಷ್ಟು ಕಾಲ ಕಾಯಬೇಕಾಗಿಲ್ಲ.

ಮೇಲಿನ ಹಂತಗಳ ಸ್ಥಿತಿಯನ್ನೂ ಅರಿತಿರಬೇಕು. ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆಯಾಗಿ, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ತಾಲೂಕುಗಳಾದವು. ಹೊಸ ತಾಲೂಕಿನ ಪಂಚಾಯತಿಗೆ ತನ್ನ ಪ್ರತಿನಿಧಿಯನ್ನು ಆರಿಸುವ ಭಾಗ್ಯ ಮತದಾರನಿಗೆ ಬಹುಕಾಲ ದೊರೆಯಲಿಲ್ಲ. ಹೀಗಾಗಿ ಉಳಿದದ್ದು ತಳದ ಮೆಟ್ಟಿಲೊಂದೇ.

ಆ ಮೆಟ್ಟಿಲಿನ ಮೇಲೆಯೂ ಮತದಾನದ ದಿನದ ಸಡಗರ ಮರುದಿನ ಇರುವುದಿಲ್ಲ. ಬೆಂಗಳೂರು, ಮುಂಬಯಿಗಳ ಹೋಟೆಲುಗಳಲ್ಲಿ ದುಡಿಯುವ ಮಗ ಒಂದು ಮತಕ್ಕಾಗಿ ರಾತ್ರಿ ಬಸ್ಸು ಹಿಡಿದು ಬರುತ್ತಾನೆ. ಅಡಕೆ ಕೊಯ್ಲನ್ನು ಅರ್ಧಕ್ಕೆ ನಿಲ್ಲಿಸಿ ತಂದೆ ಮತಗಟ್ಟೆಗೆ ನಡೆಯುತ್ತಾನೆ. ಎಣಿಕೆಯ ದಿನ ತಾಲೂಕು ಕೇಂದ್ರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗ್ರಾಮಸಭೆಯ ಕೋರಂಗೆ ಬೇಕಾದದ್ದು ಮತದಾರರ ಹತ್ತರಲ್ಲೊಂದು ಪಾಲು ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು. ಅಷ್ಟು ಜನ ಸೇರದೆ ಸಭೆ ಮುಂದೂಡಿದ ಸೂಚನೆಯನ್ನು ಪಂಚಾಯತಿ ಕಚೇರಿಯ ಫಲಕದ ಮೇಲೆ ಓದಿದವರು ಈ ಸಭೆಯಲ್ಲಿಯೂ ಇರಬಹುದು. ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಯಾರಿದ್ದಾರೆ, ದಾಖಲಾತಿ ಪುಸ್ತಕದಲ್ಲಿ ಊರಿನ ಯಾವ ಮರದ, ಯಾವ ಮೀನಿನ ಹೆಸರಿದೆ ಎಂದು ಕೇಳಬೇಕಾದದ್ದು ಅದೇ ಸಭೆಯಲ್ಲಿ. ಮುಂದಿನ ಗ್ರಾಮಸಭೆಯ ದಿನಾಂಕವನ್ನು ವಿದ್ಯಾರ್ಥಿಗಳು ಕಚೇರಿಗೆ ಹೋಗಿ ವಿಚಾರಿಸಿ, ಬರುವಾಗ ದಾರಿಯ ಮನೆಗಳಿಗೆ ತಿಳಿಸಿ ಬರಲಿ.