ಕೆಲಸಗಾರರು ಯಾಕೆ ನಿಲ್ಲುವುದಿಲ್ಲ?

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕೆಂಗೇರಿ ಸುತ್ತಮುತ್ತಲ ನಮ್ಮ ಹಳ್ಳಿಗಳಿಂದ ಬೆಳಿಗ್ಗೆ ಬಸ್ಸು ಹತ್ತುವವರಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಬಹಳ. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ ಕಡೆಯ ಲೇತ್ ವರ್ಕ್‌ಶಾಪ್‌ಗಳಿಗೆ ಹೋಗುವ ಹುಡುಗರೂ ಇದ್ದಾರೆ. ನಾವು ಕೆಲವರು ಅಂಥ ಸಣ್ಣ ವರ್ಕ್‌ಶಾಪ್ ನಡೆಸುವವರು. ಮಾಲೀಕರು ನಾಲ್ಕು ಜನ ಸೇರಿದರೆ ಬರುವುದು ಒಂದೇ ಮಾತು: "ಆಳು ನಿಲ್ಲೋದಿಲ್ಲ ಸ್ವಾಮಿ, ಪಕ್ಕದ ಬೀದಿಯವನು ಐನೂರು ಜಾಸ್ತಿ ಅಂದರೆ ನಾಳೆಯಿಂದ ಬರೋಲ್ಲ."

ನಿಲ್ಲಿಸಿಕೊಳ್ಳಲು ಸಣ್ಣವರು ಅಡ್ವಾನ್ಸ್ ಕೊಡುತ್ತಾರೆ. ಅದು ತೀರುವವರೆಗೆ ಹೋಗಕೂಡದು ಎಂದು ಕಟ್ಟಿಹಾಕಿದರೆ ಜೀತವೇ ಆಯಿತು. 1976ರಲ್ಲೇ ಕಾಯ್ದೆಯಿಂದ ರದ್ದಾದ ಪದ್ಧತಿ ಅದು. ದೊಡ್ಡ ಕಾರ್ಖಾನೆಗಳು ಹಾಜರಿ ಬೋನಸ್, ವ್ಯಾನು, ಮಕ್ಕಳ ಕೊಠಡಿ ಎನ್ನುತ್ತವೆ. ಮಕ್ಕಳ ಕೊಠಡಿ ಒಳ್ಳೆಯದು. ಹಾಜರಿ ಬೋನಸ್ಸು ಮಾತ್ರ ಮಗುವಿಗೆ ಜ್ವರ ಬಂದ ದಿನವೇ ಕೈತಪ್ಪುತ್ತದೆ!

ಬಿಟ್ಟುಹೋಗಲು ಸೂಪರ್‌ವೈಸರ್ ಬಾಯಿ ಒಂದು ಕಾರಣ. 2016ರಲ್ಲಿ ನಮ್ಮ ದೇಶದ ಕೆಲವು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಸಂಬಳ ಏರಿಕೆ ಸಾಲದೆಂದು ಜನ ಬೇಸರಗೊಂಡಿದ್ದಾಗ, ಕೆಲವರನ್ನು ಆರಿಸಿ, ಹೆಸರು ಬರೆದುಕೊಳ್ಳದೆ, ಕೆಲಸ ಹೇಗಿದೆ, ಮೇಲಿನವರು ಹೇಗೆ ಎಂದು ವಿಚಾರಿಸಿದರು. ಅಷ್ಟು ಕೇಳಿದ್ದಕ್ಕೇ ಅವರಲ್ಲಿ ಕೆಲಸ ಬಿಟ್ಟವರು ಕಡಿಮೆಯಾದರು.

ಇನ್ನೊಂದು ಕಾರಣ ದುಡ್ಡಿನ ತುರ್ತು. ಜೂನ್‌ನಲ್ಲಿ ಶಾಲೆ ಫೀಸು, ಮನೆ ಭೋಗ್ಯ, ಮದುವೆ. ರಾಜೀನಾಮೆ ಕೊಟ್ಟು ಪಿ.ಎಫ್. ಬಿಡಿಸಿಕೊಂಡು, ಆಮೇಲೆ ಬೇರೆ ಕಡೆ ಸೇರುವುದು ಬಹಳ ಕಾಲದಿಂದ ಬಂದ ದಾರಿ. ಮಾಲೀಕರ ಪಾಲಿನ ಪಿ.ಎಫ್. 58 ವರ್ಷದವರೆಗೆ ಸಿಗುವುದಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್ 18, 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ನಿಯಮ ವಾಪಸಾಯಿತು.

ಆದರೆ ಹೀಗೆ ಬಿಟ್ಟು ಬಿಟ್ಟು ಸೇರಿದರೆ ಗ್ರಾಚ್ಯುಟಿ ಹೋಗುತ್ತದೆ. ಕಾಯಂ ಕೆಲಸಗಾರರಿಗೆ ಐದು ವರ್ಷ ತುಂಬಬೇಕು. ವರ್ಷಕ್ಕೆ ಹದಿನೈದು ದಿನದ ಸಂಬಳ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ಇದ್ದರೆ, 26 ದಿನದ ಲೆಕ್ಕದಲ್ಲಿ ವರ್ಷಕ್ಕೆ 7,500, ಐದು ವರ್ಷಕ್ಕೆ 37,500 ರೂಪಾಯಿ. ನಾಲ್ಕು ವರ್ಷಕ್ಕೆ ಬಿಟ್ಟವಳಿಗೆ ಏನೂ ಇಲ್ಲ. ಕೆಲವು ಕಡೆ ಕಾರ್ಖಾನೆಯವರೇ ಐದು ತುಂಬುವ ಮೊದಲು ರಾಜೀನಾಮೆ ಬರೆಸಿಕೊಂಡು, ಹೊಸಬರಂತೆ ಮತ್ತೆ ಸೇರಿಸಿಕೊಳ್ಳುತ್ತಾರೆ. ಆಮೇಲೆ ಆಳು ನಿಲ್ಲೋಲ್ಲ ಅನ್ನುವವರೂ ಅವರೇ!

ಆದ್ದರಿಂದ ಸಂಘಕ್ಕೆ ನಮ್ಮದೊಂದು ಬೇಡಿಕೆ. ಕೆಲಸಕ್ಕೆ ಹೋಗುವ ಸದಸ್ಯರಿಗೆ ಸಂಬಳದ ಚೀಟಿ ನೋಡಿ, ಮೇ ತಿಂಗಳಲ್ಲೇ ಸಣ್ಣ ಸಾಲ ಕೊಡಿ. ಕಂತನ್ನು ಅವರು ಸಂಘಕ್ಕೇ ಕಟ್ಟಲಿ, ಮಾಲೀಕರ ಹಂಗು ಬೇಡ. ಅಡ್ವಾನ್ಸಿಗೆಂದು ಎತ್ತಿಡುವ ಹಣವನ್ನು ಸಂಘದಲ್ಲಿ ಠೇವಣಿ ಇಡಲು ವರ್ಕ್‌ಶಾಪ್‌ನವರಾದ ನಾವು ತಯಾರಿದ್ದೇವೆ. ಈ ವಿಷಯವನ್ನು ಮುಂದಿನ ವಾರ್ಷಿಕ ಮಹಾಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದು ಅಧ್ಯಕ್ಷರಲ್ಲಿ ಕೋರುತ್ತೇವೆ.